ನೆರಳಿನ ತೋಟದಲ್ಲಿ ಕಾಡಿನ ಜರಿಗಿಡ ಬೆಳೆಸುವುದು ಹೇಗೆ?

ಹೂಗಿಡಗಳು ಸೊರಗುವ ಮರದಡಿಯ ಜಾಗದಲ್ಲಿ, ಹಿಮ ಬೀಳುವ ಚಳಿಯನ್ನೂ ತಾಳಿಕೊಳ್ಳುವ ಕಾಡಿನ ಜರಿಗಿಡಗಳು ಹುಲುಸಾಗಿ ಬೆಳೆಯುತ್ತವೆ. ಆದರೆ ನೆರಳಿದ್ದರಷ್ಟೇ ಸಾಲದು. ಮರದ ಬೇರುಗಳು ನೀರನ್ನೆಲ್ಲ ಹೀರಿಬಿಡುವ ಒಣ ನೆರಳು ಬೇರೆ, ತೇವ ಆರದ ತಂಪು ನೆರಳು ಬೇರೆ. ಆದ್ದರಿಂದ ಮಳೆಯಿಲ್ಲದ ಕೆಲವು ದಿನಗಳ ನಂತರ ಗೇಣುದ್ದ ಅಗೆದು, ಮಣ್ಣು ಕೈಗೆ ತಣ್ಣಗೆ ತಾಗುತ್ತದೆಯೇ ಎಂದು ನೋಡಿದ ಮೇಲೆಯೇ ಗಿಡ ಆರಿಸಬೇಕು.

ಒಣ ನೆರಳಿಗೆ ಡ್ರಯಾಪ್ಟೆರಿಸ್ ಫಿಲಿಕ್ಸ್-ಮಾಸ್ ಎಂಬ ಜರಿಗಿಡ ಸೂಕ್ತ. ಅಷ್ಟು ಗಟ್ಟಿ ಜಾತಿ ಸಿಗುವುದು ಅಪರೂಪ. ತೇವವಿರುವಲ್ಲಿ ನವಿರಾದ ಎಲೆಗಳ ಅಥೀರಿಯಮ್ ಫಿಲಿಕ್ಸ್-ಫೆಮಿನಾ, ಸದಾ ಒದ್ದೆಯಾದ ಆಮ್ಲೀಯ ಮಣ್ಣಿನಲ್ಲಿ ಆಸ್ಮಂಡಾ ರೆಗಾಲಿಸ್ ಚೆನ್ನಾಗಿ ಬರುತ್ತವೆ. ಮ್ಯಾಟ್ಯೂಷಿಯಾ ಎಂಬ ಜರಿಗಿಡ ನೋಡಲು ಸುಂದರವೇ, ಆದರೆ ನೆಲದೊಳಗೆ ಕುಡಿ ಹರಿಸಿ ಸುತ್ತೆಲ್ಲ ಹಬ್ಬುವುದರಿಂದ ಚಿಕ್ಕ ತೋಟಕ್ಕೆ ಅದು ಬೇಡ.

ವಸಂತದಲ್ಲಿ ಅಥವಾ ಶರತ್ಕಾಲದ ಆರಂಭದಲ್ಲಿ ನೆಡುವುದು ಒಳ್ಳೆಯದು. ಸುಮಾರು 30 ಸೆಂ.ಮೀ. ಆಳದವರೆಗೆ ಮಣ್ಣನ್ನು ಸಡಿಲಿಸಿ, ಚೆನ್ನಾಗಿ ಕೊಳೆತ ಎಲೆಗೊಬ್ಬರವನ್ನು ಧಾರಾಳವಾಗಿ ಬೆರೆಸಬೇಕು. ರಾಸಾಯನಿಕ ಗೊಬ್ಬರದ ಅಗತ್ಯವಿಲ್ಲ. ಎಚ್ಚರ ಬೇಕಾದದ್ದು ಗಿಡವನ್ನು ಕೂರಿಸುವಾಗ. ಎಲೆಗಳೆಲ್ಲ ಹೊರಡುವ ನಡುಬುಡ, ಅಂದರೆ ಕಂದು ಹುರುಪೆ ಹೊದ್ದ ಸುರುಳಿ ಮೊಗ್ಗುಗಳು ಒತ್ತೊತ್ತಾಗಿ ಕುಳಿತಿರುವ ಭಾಗ, ನೆಲಮಟ್ಟಕ್ಕಿಂತ ತುಸು ಮೇಲೆಯೇ ಇರಬೇಕು. ಅದು ಮಣ್ಣಿನಲ್ಲಿ ಹೂತುಹೋದರೆ ನೀರು ನಿಂತು ಕೊಳೆಯುತ್ತದೆ. ದೊಡ್ಡ ಜಾತಿಗಳ ನಡುವೆ 60 ಸೆಂ.ಮೀ. ಅಂತರ ಬಿಟ್ಟು, ನಡುಬುಡಕ್ಕೆ ತಾಗದಂತೆ ಸುತ್ತಲೂ 5 ಸೆಂ.ಮೀ. ದಪ್ಪಕ್ಕೆ ಎಲೆಗೊಬ್ಬರ ಹರಡಬೇಕು. ಮೊದಲ ವರ್ಷ ಮಣ್ಣು ಒಣಗಲು ಬಿಡದೆ ನೀರುಣಿಸಿದರೆ, ಬೇರೂರಿದ ಗಿಡ ಮುಂದೆ ಹೆಚ್ಚಿನ ಆರೈಕೆ ಬೇಡುವುದಿಲ್ಲ.

ಬೇಸಿಗೆಯಲ್ಲಿ ಎಲೆಯ ಅಡಿಭಾಗದಲ್ಲಿ ಕಂದು ಚುಕ್ಕೆಗಳ ಸಾಲು ಮೂಡಿದಾಗ, ರೋಗವೋ ಕೀಟವೋ ತಗುಲಿತೆಂದು ಔಷಧಿ ಸಿಂಪಡಿಸುವವರಿದ್ದಾರೆ. ಅವು ಬೀಜಕಗಳ, ಅಂದರೆ ಜರಿಗಿಡ ಬೀಜದ ಬದಲು ಉದುರಿಸುವ ಪುಡಿಯಂಥ ಕಣಗಳ, ಗೊಂಚಲುಗಳು. ಡ್ರಯಾಪ್ಟೆರಿಸ್‌ನಲ್ಲಿ ಅವುಗಳ ಹೊದಿಕೆ ಮೂತ್ರಪಿಂಡದ ಆಕಾರದಲ್ಲಿರುತ್ತದೆ. ಆ ಚುಕ್ಕೆಗಳನ್ನು ಹಾಗೆಯೇ ಬಿಡುವುದು ಸರಿ. ಒಣಗಿದ ಹಳೆಯ ಎಲೆಗಳನ್ನೂ ಚಳಿಗಾಲದಲ್ಲಿ ಕತ್ತರಿಸಬಾರದು, ಏಕೆಂದರೆ ಅವು ನಡುಬುಡಕ್ಕೆ ಹಿಮದಿಂದ ರಕ್ಷಣೆ ಕೊಡುತ್ತವೆ. ವಸಂತದ ಆರಂಭದಲ್ಲಿ, ಹೊಸ ಸುರುಳಿಗಳು ಬಿಚ್ಚಿಕೊಳ್ಳುವ ಮೊದಲು ಅವನ್ನು ಬುಡದ ಮಟ್ಟಕ್ಕೆ ಕತ್ತರಿಸಬೇಕು. ತಡವಾದರೆ ಕತ್ತರಿಗೆ ಎಳೆಯ ಸುರುಳಿಗಳೂ ಸಿಕ್ಕಿಬೀಳುತ್ತವೆ.