ಸರ್ವರ್‌ನಲ್ಲಿರುವ ಪ್ರೋಗ್ರಾಂ ತೆರೆದಾಗಲೆಲ್ಲ ಬರುವ ಎಚ್ಚರಿಕೆ: ಕಾರಣ ಮತ್ತು ಪರಿಹಾರ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಅಡಿಕೆ ಮಂಡಿಗಳಂಥ ಕಡೆ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ಲೆಕ್ಕವಿಡುವ ಪ್ರೋಗ್ರಾಂ ಒಳಕೋಣೆಯ ಒಂದು ವಿಂಡೋಸ್ ಸರ್ವರ್‌ನಲ್ಲಿದ್ದು, ಹೊರಗೆ ಕೂತ ಗುಮಾಸ್ತರು ಶಾರ್ಟ್‌ಕಟ್ ಒತ್ತಿ ಅದನ್ನು ತೆರೆಯುವ ಏರ್ಪಾಡಿರುತ್ತದೆ. ಒತ್ತಿದಾಗಲೆಲ್ಲ ‘ಓಪನ್ ಫೈಲ್ – ಸೆಕ್ಯುರಿಟಿ ವಾರ್ನಿಂಗ್’ ಎಂಬ ಪೆಟ್ಟಿಗೆ ಎದುರಾದರೆ, ವಾರ ಕಳೆಯುವುದರೊಳಗೆ ಅದನ್ನು ಓದುವವರೇ ಇರುವುದಿಲ್ಲ. ನನ್ನ ಮಟ್ಟಿಗೆ, ಕಿರಿಕಿರಿಗಿಂತ ದೊಡ್ಡ ತೊಂದರೆ ಇದೇ.

ಮೊದಲು ಪೆಟ್ಟಿಗೆ ಯಾವುದೆಂದು ಗುರುತಿಸಬೇಕು. ಪರದೆಯೆಲ್ಲ ಮಂಕಾಗಿ, ಕಂಪ್ಯೂಟರ್‌ನಲ್ಲಿ ಬದಲಾವಣೆ ಮಾಡಲು ಅನುಮತಿ ಕೇಳಿದರೆ ಅದು ಯೂಸರ್ ಅಕೌಂಟ್ ಕಂಟ್ರೋಲ್. ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಅಧಿಕಾರ ಬಯಸುತ್ತಿದೆ ಎಂದರ್ಥ, ಅದರ ಮದ್ದು ಬೇರೆ. ಇಲ್ಲಿ ಹೇಳುತ್ತಿರುವುದು ಫೈಲಿನ ಹೆಸರು, ಪಬ್ಲಿಷರ್ ತೋರಿಸಿ ರನ್, ಕ್ಯಾನ್ಸಲ್ ಎಂದು ಕೇಳುವ ಪೆಟ್ಟಿಗೆಯ ಬಗ್ಗೆ.

ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಸಾಲನ್ನು ನೋಡಿ. ಅಲ್ಲಿ ‘\\192.168.1.10\’ ಎಂದು ಅಂಕಿಗಳಲ್ಲಿ ವಿಳಾಸ ಬರೆದಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಹೆಸರಿನ ನಡುವೆ ಚುಕ್ಕಿ ಕಂಡರೆ ವಿಂಡೋಸ್ ಅದನ್ನು ಸಾಮಾನ್ಯವಾಗಿ ಇಂಟರ್ನೆಟ್ ವಲಯಕ್ಕೆ, ಅಂದರೆ ಸುಲಭಕ್ಕೆ ನಂಬಬಾರದ ಹೊರಗಿನ ಜಾಗಗಳ ಗುಂಪಿಗೆ, ಸೇರಿಸುತ್ತದೆ; ಸರ್ವರ್ ಪಕ್ಕದ ಕೋಣೆಯಲ್ಲೇ ಇದೆ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಅಂಕಿಗಳ ಜಾಗದಲ್ಲಿ ಚುಕ್ಕಿಯಿಲ್ಲದ ಸರ್ವರ್ ಹೆಸರು ಬರೆದು ಪರೀಕ್ಷಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ರೌಟರ್ ಸರ್ವರ್‌ಗೆ ಬೇರೆ ವಿಳಾಸ ಕೊಟ್ಟರೂ ಹೆಸರು ಬದಲಾಗುವುದಿಲ್ಲವೆಂಬುದು ಇದರ ಇನ್ನೊಂದು ಲಾಭ.

ಡೊಮೈನ್ (ಎಲ್ಲ ಯಂತ್ರಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ಏರ್ಪಾಡು) ಇಲ್ಲದ ಸಣ್ಣ ಕಚೇರಿಗಳಲ್ಲಿ ಇಷ್ಟೇ ಸಾಲದಿರಬಹುದು, ಏಕೆಂದರೆ ಅಲ್ಲಿ ಇಂಟ್ರಾನೆಟ್ ವಲಯದ, ಅಂದರೆ ಕಚೇರಿಯೊಳಗಿನ ಜಾಲದ, ನಿಯಮಗಳು ಸಾಮಾನ್ಯವಾಗಿ ತಾವಾಗಿ ಜಾರಿಯಲ್ಲಿರುವುದಿಲ್ಲ. ಆಗ ಕಂಟ್ರೋಲ್ ಪ್ಯಾನೆಲ್‌ನ ಇಂಟರ್ನೆಟ್ ಆಪ್ಷನ್ಸ್‌ನಲ್ಲಿ ಸೆಕ್ಯುರಿಟಿ, ಲೋಕಲ್ ಇಂಟ್ರಾನೆಟ್, ಸೈಟ್ಸ್, ಅಡ್ವಾನ್ಸ್ಡ್ ಎಂದು ಸಾಗಿ, ಆ ಒಂದು ಸರ್ವರ್‌ನ ಹೆಸರನ್ನು ಮಾತ್ರ ಸೇರಿಸಿ. ಡೊಮೈನ್ ಇದ್ದರೆ ಗ್ರೂಪ್ ಪಾಲಿಸಿಯ ‘ಸೈಟ್ ಟು ಝೋನ್ ಅಸೈನ್‌ಮೆಂಟ್ ಲಿಸ್ಟ್’ನಲ್ಲಿ ಅದೇ ಹೆಸರಿಗೆ ಇಂಟ್ರಾನೆಟ್ ವಲಯವನ್ನು ಸೂಚಿಸುವ 1 ಎಂಬ ಮೌಲ್ಯ ಕೊಟ್ಟರೆ ಪ್ರತಿ ಯಂತ್ರದ ಮುಂದೆ ಕೂರುವ ಶ್ರಮ ತಪ್ಪುತ್ತದೆ.

ಇಷ್ಟಾದರೂ ಒಂದೇ ಒಂದು ಫೈಲ್‌ಗೆ ಎಚ್ಚರಿಕೆ ಬರುತ್ತಿದ್ದರೆ, ಅದು ಇಂಟರ್ನೆಟ್‌ನಿಂದ ಇಳಿಸಿಕೊಂಡ ಫೈಲ್ ಆಗಿರುವ ಸಾಧ್ಯತೆ ಹೆಚ್ಚು. ಬ್ರೌಸರ್ ಅಂಥ ಫೈಲ್‌ಗೆ ‘ಝೋನ್ ಐಡೆಂಟಿಫೈಯರ್’ ಎಂಬ ಗುರುತು ಅಂಟಿಸುತ್ತದೆ. ವಿಂಡೋಸ್ ಸಾಮಾನ್ಯವಾಗಿ ಬಳಸುವ ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಅದು ಫೈಲ್ ಜೊತೆಗೇ ಉಳಿಯುತ್ತದೆ, ಅದರೊಳಗಿನ 3 ಎಂಬ ಅಂಕಿ ಇಂಟರ್ನೆಟ್ ವಲಯವನ್ನು ಸೂಚಿಸುತ್ತದೆ. ಫೈಲ್ ಎಲ್ಲಿಂದ ಬಂತೆಂಬುದು ಖಚಿತವಾದ ಮೇಲೆ, ಸರ್ವರ್‌ನಲ್ಲೇ ಅದರ ಪ್ರಾಪರ್ಟೀಸ್ ತೆರೆದು ಜನರಲ್ ಪುಟದ ಕೆಳಗಿರುವ ಅನ್‌ಬ್ಲಾಕ್ ಗುರುತು ಹಾಕಿ ಅಪ್ಲೈ ಒತ್ತಿ. ಫೈಲ್‌ಗಳು ಹತ್ತಾರು ಇದ್ದರೆ, ಟೈಪಿಸಿದ ಆದೇಶ ನಡೆಸುವ ವಿಂಡೋಸ್ ಸಾಧನವಾದ ಪವರ್‌ಶೆಲ್‌ನ ಅನ್‌ಬ್ಲಾಕ್-ಫೈಲ್ ಆದೇಶ ಸಲೀಸು.

ಇಂಟರ್ನೆಟ್ ವಲಯದ ‘ಲಾಂಚಿಂಗ್ ಅಪ್ಲಿಕೇಶನ್ಸ್ ಅಂಡ್ ಅನ್‌ಸೇಫ್ ಫೈಲ್ಸ್’ ಅನ್ನು ಎನೇಬಲ್ ಮಾಡಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಪೆಟ್ಟಿಗೆ ಮಾಯವಾಗುವುದೇನೋ ನಿಜ, ಆದರೆ ನಾಳೆ ಇಮೇಲ್‌ನಲ್ಲಿ ಬಿಲ್ಲಿನ ವೇಷದಲ್ಲಿ ಬರುವ ಪ್ರೋಗ್ರಾಂ ಕೂಡ ಆ ಪ್ರಶ್ನೆಯಿಲ್ಲದೆ ಒಳನುಗ್ಗುತ್ತದೆ. ಯಾರಾದರೂ ಹಾಗೆ ಮಾಡಿಟ್ಟಿದ್ದರೆ ಅದನ್ನು, ಮೊದಲು ಕೇಳುವ ಆಯ್ಕೆಯಾದ ಪ್ರಾಂಪ್ಟ್‌ಗೆ ಮರಳಿಸಿ, ಬಳಿಕ ಗುಮಾಸ್ತರ ಲಾಗಿನ್‌ನಿಂದಲೇ ಶಾರ್ಟ್‌ಕಟ್ ಒತ್ತಿ ನೋಡಿ; ಈ ವಲಯಗಳ ವ್ಯವಸ್ಥೆ ಸಾಮಾನ್ಯವಾಗಿ ಪ್ರತಿ ಬಳಕೆದಾರರಿಗೂ ಪ್ರತ್ಯೇಕವಾಗಿರುವುದರಿಂದ, ನಿಮ್ಮ ಲಾಗಿನ್‌ನಲ್ಲಿ ಸರಿಯಾದದ್ದು ಅವರಲ್ಲಿ ಸರಿಯಾಗಿರಬೇಕೆಂದಿಲ್ಲ.