ಮಕ್ಕಳ ಮಾಹಿತಿ ಯಾರಿಗೆ, ಎಷ್ಟು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ, ಕೇರಳದ ಶಾಲಾ ಮಕ್ಕಳ ವಿವರ ಇಡುವ 'ಸಂಪೂರ್ಣ' ಪೋರ್ಟಲಿನ ಕೆಲಸ ನನ್ನದು. ಮಗುವಿನ ಹುಟ್ಟಿದ ದಿನ, ಜಾತಿ, ಆಧಾರ್, ಮನೆಯವರ ಫೋನ್ ನಂಬರು ಎಲ್ಲ ಒಂದೇ ಕಡೆ ಇರುತ್ತದೆ. ಕಲೋತ್ಸವವೋ ಕ್ರೀಡಾಕೂಟವೋ ಬಂತೆಂದರೆ, "ಟೀಚರೇ, ಆ ಲಿಸ್ಟ್ ಸ್ವಲ್ಪ ವಾಟ್ಸಾಪ್ ಮಾಡಿ" ಅಂತ ಫೋನ್ ಶುರು.

ಇಡೀ ಶೀಟ್ ನಾನು ಯಾರಿಗೂ ಕಳಿಸುವುದಿಲ್ಲ. ಕ್ರೀಡಾಕೂಟಕ್ಕೆ ಹೆಸರು, ತರಗತಿ, ಹುಟ್ಟಿದ ದಿನ ಸಾಕು. ಅಷ್ಟನ್ನೇ ಹೊಸ ಫೈಲಿಗೆ ಕಾಪಿ ಮಾಡುತ್ತೇನೆ. ಹಳೆಯ ಫೈಲಿನಲ್ಲಿ ಕಾಲಂ ಹೈಡ್ ಮಾಡಿದರೆ ಸಾಲದು. ತೆರೆದವರು ಅನ್‌ಹೈಡ್ ಒತ್ತಿದರೆ ಆಧಾರ್ ನಂಬರೂ ಕಾಣುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಸರ್ಕಾರಿ ಸವಲತ್ತಿನಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದಂತೆ ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಅಲ್ಲಿವರೆಗೆ ಸುಮ್ನೆ ಕೂರಬೇಕಾಗಿಲ್ಲ ಅಲ್ವಾ?

ಗಡಿನಾಡಿನ ನಮಗೆ ಇದರಲ್ಲಿ ಜಾಸ್ತಿ ಉಪಯೋಗಕ್ಕೆ ಬರುವ ಮಾತು ಇನ್ನೊಂದಿದೆ. ಒಪ್ಪಿಗೆ ಕೇಳುವಾಗ ಇಂಗ್ಲಿಷಿನಲ್ಲೋ ಸಂವಿಧಾನದ 8ನೇ ಪರಿಚ್ಛೇದದ ಯಾವುದಾದರೂ ಭಾಷೆಯಲ್ಲೋ ಓದಿಕೊಳ್ಳುವ ಅವಕಾಶ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಮಲಯಾಳಂ ಓದಲು ಬಾರದ ತಾಯಿ ಏನೆಂದು ತಿಳಿಯದೆ ಸಹಿ ಹಾಕಿದರೆ ಅದನ್ನು ಒಪ್ಪಿಗೆ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದೆ. ವಿದ್ಯಾರ್ಥಿಗಳಿಗೆ ದೇಶದಾದ್ಯಂತ ಕೊಡುವ 'ಅಪಾರ್' ಗುರುತಿನ ಸಂಖ್ಯೆಗೆ ಒಪ್ಪುತ್ತೀರಾ? ಮಗುವಿನ ಫೋಟೊ ಹೊರಗಿನವರಿಗೆ ಕೊಡಬಹುದಾ? ಫೋನ್ ನಂಬರು? ಒಂದೊಂದಕ್ಕೂ ಬೇರೆ ಬೇರೆ 'ಹೌದು', 'ಇಲ್ಲ', ಬೇರೆ ಬೇರೆ ಸಹಿ. ಕೊಟ್ಟ ಒಪ್ಪಿಗೆಯನ್ನು ಆಮೇಲೆ ಹಿಂದಕ್ಕೆ ಪಡೆಯಬಹುದು ಅಂತಲೂ ದಪ್ಪ ಅಕ್ಷರದಲ್ಲಿ ಹಾಕಿದೆ. ಕಾಯ್ದೆಯಲ್ಲೇ ಆ ಹಕ್ಕಿದೆ. ತುಳು ಇನ್ನೂ ಆ ಪಟ್ಟಿ ಸೇರಿಲ್ಲ. ಅದಕ್ಕೆ ಪಿಟಿಎ ಸಭೆಯಲ್ಲಿ ಎಲ್ಲವನ್ನೂ ತುಳುವಿನಲ್ಲಿ ಬಿಡಿಸಿ ಹೇಳಿದೆ. ಪ್ರಶ್ನೆಗಳು ಬಂದದ್ದೇ ಆಗ.

ಅಪ್ಪ ಗಲ್ಫಿನಲ್ಲಿದ್ದರೆ ಅಮ್ಮನ ಸಹಿ ತೆಗೆದುಕೊಳ್ಳುತ್ತೇನೆ. ಅಣ್ಣನೋ ಅಕ್ಕನೋ ಹಾಕಿದ್ದರೆ ಪತ್ರ ವಾಪಸ್.

ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಟ್ಯೂಷನ್ ಸೆಂಟರಿನವರು ನಂಬರು ಕೇಳಿಕೊಂಡು ಬರುತ್ತಾರೆ. ನಾನು ಕೊಡುವುದಿಲ್ಲ. "ನಿಮ್ಮ ನೋಟಿಸು ಕೊಟ್ಟು ಹೋಗಿ, ಬೋರ್ಡಿಗೆ ಹಾಕುತ್ತೇನೆ. ಬೇಕಾದವರು ಅವರಾಗಿಯೇ ಫೋನ್ ಮಾಡುತ್ತಾರೆ" ಅನ್ನುತ್ತೇನೆ.