ಗಾಳಕ್ಕೆ ಬಿದ್ದ ಬಾಸ್: ಮನೆಗೆ ಒಯ್ಯುವುದೋ, ನೀರಿಗೆ ಬಿಡುವುದೋ?

1932ರ ಜೂನ್ 2. ಅಮೆರಿಕದ ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ ಎಂಬ ಯುವ ರೈತನ ಗಾಳಕ್ಕೆ ಲಾರ್ಜ್‌ಮೌತ್ ಬಾಸ್ ಎಂಬ ಸಿಹಿನೀರಿನ ಮೀನೊಂದು ಬಿತ್ತು. ತೂಕ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕೆಜಿಗೂ ತುಸು ಜಾಸ್ತಿ. ಅದು ವಿಶ್ವದಾಖಲೆ. ಪೆರ್ರಿ ಅದನ್ನು ತೂಗಿಸಿದ, ಮನೆಗೆ ಒಯ್ದ, ಮನೆಯವರೆಲ್ಲ ಊಟ ಮಾಡಿದರು. ದುಡ್ಡಿಗೆ ಬರಗಾಲದ ದಿನಗಳವು. ಅಷ್ಟು ದೊಡ್ಡ ಮೀನು ಸಿಕ್ಕರೆ ಯಾರೇ ಆದರೂ ಒಲೆ ಹಚ್ಚುತ್ತಿದ್ದರು.

ನಲವತ್ತು ವರ್ಷ ಕಳೆಯಿತು. 1972ರಲ್ಲಿ ರೇ ಸ್ಕಾಟ್ ತಾವು ನಡೆಸುತ್ತಿದ್ದ ಬಾಸ್ ಪಂದ್ಯಗಳಲ್ಲಿ ಮೀನನ್ನು ಜೀವಂತ ತಂದು, ತೂಗಿ, ಮತ್ತೆ ನೀರಿಗೆ ಬಿಡುವ ಪದ್ಧತಿ ತಂದರು. ಅದು ಪಂದ್ಯದ ಆಚೆಗೂ ಹಬ್ಬಿತು. ಇವತ್ತು ಅಮೆರಿಕದಲ್ಲಿ ಬಾಸ್ ಹಿಡಿಯುವವರಲ್ಲಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಒಂದನ್ನು ಮನೆಗೆ ಒಯ್ದವರನ್ನು ಕಳ್ಳರ ಹಾಗೆ ನೋಡುವವರೂ ಇದ್ದಾರೆ. ಇನ್ನೊಂದು ಕಡೆ, "ತಿನ್ನೋದಿಲ್ಲ ಅಂದ್ರೆ ಸುಮ್ನೆ ಅದರ ಬಾಯಿಗೆ ಕೊಕ್ಕೆ ಯಾಕೆ ಚುಚ್ಚಬೇಕು?" ಎಂದು ಕೇಳುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಬಿಡಬೇಕು ಎಂಬ ಉದ್ದೇಶ ಇಟ್ಟುಕೊಂಡೇ ಮೀನು ಹಿಡಿಯುವುದಕ್ಕೆ ಸ್ವಿಟ್ಜರ್ಲೆಂಡ್‌ನ ಕಾನೂನು ಒಪ್ಪುವುದಿಲ್ಲ.

ಹಾಗಾದರೆ ಯಾರು ಸರಿ? ಎಲ್ಲ ಕೆರೆಗೂ ಒಂದೇ ಉತ್ತರ ಹುಡುಕುವುದೇ ತಪ್ಪು ಅಂತ ನನಗೆ ಅನ್ನಿಸುತ್ತದೆ. ಈ ನೀರಿಗೆ ಏನು ಬೇಕು, ಈ ಮೀನು ಎಂಥದ್ದು ಎಂದು ನೋಡಿ ನಿರ್ಧರಿಸಬೇಕು. ಅದರಲ್ಲಿ ಬಹುಪಾಲು ನಿರ್ಧಾರ ಗಾಳ ಎಸೆಯುವ ಮೊದಲೇ ಆಗಿರಬೇಕು. ಮೀನು ಕೈಯಲ್ಲಿ ಒದ್ದಾಡುವಾಗ ಯೋಚಿಸುತ್ತ ನಿಂತರೆ ಅದಕ್ಕೆ ಉಸಿರು ಕಟ್ಟುತ್ತದೆ.

ಹೆಜ್ಜೆ 1: ಆ ನೀರಿನ ನಿಯಮ ಓದಿ

ಲೈಸೆನ್ಸ್ ಇದ್ದರೆ ಸಾಲದು. ಒಂದೇ ರಾಜ್ಯದಲ್ಲಿ ಕೆರೆಯಿಂದ ಕೆರೆಗೆ ನಿಯಮ ಬದಲಾಗುತ್ತದೆ. ಟೆಕ್ಸಸ್‌ನ ಲೇಕ್ ಫೋರ್ಕ್ ನೋಡಿ. ಅಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್ ಸಿಕ್ಕರೆ ಬಿಡಲೇಬೇಕು. 16 ಇಂಚು ಅಥವಾ ಅದಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಹುದು. 24 ಇಂಚು ದಾಟಿದ್ದು ದಿನಕ್ಕೆ ಒಂದೇ. ಚಿಕ್ಕದನ್ನು ತಿನ್ನಿ, ನಡುವಿನದನ್ನು ಬೆಳೆಯಲು ಬಿಡಿ ಎಂದು ಸರ್ಕಾರವೇ ಹೇಳಿದ ಹಾಗೆ ಇದು. "ಚಿಕ್ಕದು ಪಾಪ, ಬಿಡೋಣ, ದೊಡ್ಡದನ್ನು ಒಯ್ಯೋಣ" ಎಂಬ ನಮ್ಮ ಸಹಜ ಬುದ್ಧಿಗೆ ಪೂರ್ತಿ ಉಲ್ಟಾ.

ನಿಯಮ ವರ್ಷದಿಂದ ವರ್ಷಕ್ಕೂ ಬದಲಾಗಬಹುದು. ಹಾಗಾಗಿ ಹೊರಡುವ ಮುಂಚೆ ಆ ರಾಜ್ಯದ ಮೀನುಗಾರಿಕೆ ಇಲಾಖೆಯ ಈ ವರ್ಷದ ಪಟ್ಟಿಯನ್ನೇ ನೋಡಿ. ಅಳತೆ ಹಲಗೆ ಜೊತೆಗಿರಲಿ. ಕಣ್ಣಂದಾಜು ಬೇಡ.

ಹೆಜ್ಜೆ 2: ಬಾಸ್ ಆ ನೀರಿನದ್ದೇ, ಅಥವಾ ತಂದು ಬಿಟ್ಟಿದ್ದೇ?

ಈ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯ.

ಲಾರ್ಜ್‌ಮೌತ್, ಸ್ಮಾಲ್‌ಮೌತ್ ಎಂಬ ಎರಡೂ ಬಗೆಯ ಬಾಸ್ ಉತ್ತರ ಅಮೆರಿಕದ ಪೂರ್ವ ಭಾಗದ ಮೀನುಗಳು. ಹೆಸರು ಬಾಸ್ ಆದರೂ ಸನ್‌ಫಿಶ್ ಕುಟುಂಬಕ್ಕೆ ಸೇರಿದವು. ಅವುಗಳ ತವರಿನಲ್ಲಿ ಬಿಡುವುದಕ್ಕೆ ಅರ್ಥ ಇದೆ. ತವರಿನ ಆಚೆ ಅವು ಬೇಟೆಗಾರರು. ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತವೆ: ಮೀನು, ಏಡಿ, ಕಪ್ಪೆ, ಹಕ್ಕಿಮರಿ ಕೂಡ.

ಗ್ವಾಟೆಮಾಲಾದ ಅಟಿಟ್ಲಾನ್ ಸರೋವರಕ್ಕೆ 1950ರ ದಶಕದ ಕೊನೆಯಲ್ಲಿ ಲಾರ್ಜ್‌ಮೌತ್ ತಂದು ಬಿಟ್ಟರು, ಪ್ರವಾಸಿಗರಿಗೆ ಗಾಳ ಹಾಕಲು ಸಿಗಲಿ ಅಂತ. ಅಲ್ಲಿ ಮಾತ್ರ ಇದ್ದ, ಹಾರಲಾಗದ ಒಂದು ಮುಳುಗುಹಕ್ಕಿ ಇತ್ತು. ಬಾಸ್ ಅದರ ಆಹಾರವನ್ನೂ ತಿಂದಿತು, ಮರಿಗಳನ್ನೂ ತಿಂದಿತು. ಬೇರೆ ಕಾರಣಗಳೂ ಕೂಡಿಕೊಂಡವು. ಆ ಹಕ್ಕಿ ಈಗ ಇಲ್ಲ.

ಜಪಾನ್‌ಗೆ ಬಾಸ್ ಬಂದಿದ್ದು 1925ರಲ್ಲಿ. ಬೀವಾ ಸರೋವರದಲ್ಲಿ ಅದು ಎಷ್ಟು ಹೆಚ್ಚಿತೆಂದರೆ, ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡಬಾರದು ಎಂದು ಶಿಗಾ ಪ್ರಾಂತ್ಯ 2003ರಲ್ಲಿ ನಿಯಮ ಜಾರಿಗೆ ತಂದಿತು. 2009ರಲ್ಲಿ ಮನಾಬು ಕುರಿಟಾ ಪೆರ್ರಿಯ ದಾಖಲೆಗೆ ಸರಿಗಟ್ಟುವ ಮೀನು ಹಿಡಿದದ್ದು ಇದೇ ಬೀವಾದಲ್ಲಿ.

ಅಮೆರಿಕದೊಳಗೂ ಇದೇ ಕಥೆ ಇದೆ. ಕೊಲೊರಾಡೋ ನದಿ ಸ್ಮಾಲ್‌ಮೌತ್‌ನ ತವರಲ್ಲ. ಬರದಿಂದ ಲೇಕ್ ಪವೆಲ್‌ನ ನೀರು ಇಳಿದಾಗ ಮೇಲ್ಪದರದ ಬೆಚ್ಚಗಿನ ನೀರಿನ ಜೊತೆ ಬಾಸ್ ಕೂಡ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಟರ್ಬೈನ್ ದಾಟಿ ಕೆಳಗೆ ಬಂತು. 2022ರಲ್ಲಿ ಅಲ್ಲಿ ಮರಿಗಳೂ ಸಿಕ್ಕವು. ಇನ್ನೂ ಕೆಳಗೆ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಹಂಪ್‌ಬ್ಯಾಕ್ ಚಬ್ ಎಂಬ ಅಪರೂಪದ ಮೀನು ಇದೆ. ಇಂಥ ಕಡೆ ಬಾಸ್ ಬಿಡುವುದು ದಯೆ ಅಲ್ಲ. ನಿಯಮ ಒಪ್ಪಿದರೆ ಇಟ್ಟುಕೊಳ್ಳಿ, ಸಂತೋಷವಾಗಿ ತಿನ್ನಿ.

ಹೆಜ್ಜೆ 3: ನೀರು ತುಂಬಿ ತುಳುಕುತ್ತಿದೆಯೇ?

ಚಿಕ್ಕ ಹೊಂಡ. ಹತ್ತು ಸಲ ಎಸೆದರೆ ಆರು ಬಾಸ್. ಎಲ್ಲವೂ ಒಂದೇ ಅಳತೆ, ಹತ್ತು-ಹನ್ನೊಂದು ಇಂಚು. ತಲೆ ದೊಡ್ಡದು, ಹೊಟ್ಟೆ ಒಳಕ್ಕೆ ಹೋಗಿದೆ. ಇಂಥ ಜಾಗ ಸಿಕ್ಕರೆ ಖುಷಿಯಾಗುತ್ತದೆ ಅಲ್ವಾ? ನಿಜಕ್ಕೂ ಅವು ಹಸಿದ ಮೀನುಗಳು. ತಿನ್ನುವ ಬಾಯಿ ಜಾಸ್ತಿ, ಊಟ ಕಮ್ಮಿ. ವರ್ಷ ಎಷ್ಟು ಕಳೆದರೂ ಬೆಳೆಯುವುದಿಲ್ಲ.

ಅಲಬಾಮಾದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ 1930ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ಬಾಸ್ ಮತ್ತು ಅದು ತಿನ್ನುವ ಬ್ಲೂಗಿಲ್ ಮೀನು, ಎರಡರ ನಡುವೆ ಸಮತೋಲ ಇದ್ದರೆ ಮಾತ್ರ ಹೊಂಡ ಆರೋಗ್ಯವಾಗಿರುತ್ತದೆ. ಬಾಸ್ ಕಿಕ್ಕಿರಿದ ಹೊಂಡದಿಂದ ಚಿಕ್ಕ ಬಾಸ್‌ಗಳನ್ನು ತೆಗೆಯದಿದ್ದರೆ ಉಳಿದವೂ ಸೊರಗುತ್ತವೆ. ಅಂಥ ಹೊಂಡದಿಂದ ಎಕರೆಗೆ ವರ್ಷಕ್ಕೆ 10ರಿಂದ 30 ಪೌಂಡ್ ಚಿಕ್ಕ ಬಾಸ್ ತೆಗೆಯಬೇಕು ಎನ್ನುವುದು ಹೊಂಡ ನೋಡಿಕೊಳ್ಳುವವರ ಲೆಕ್ಕ. ಎಲ್ಲವನ್ನೂ ಬಿಟ್ಟು ಬಿಟ್ಟು ಹಾಳಾದ ಹೊಂಡಗಳು ಇವೆ. ಪ್ರೀತಿಯಿಂದಲೇ ಬಿಟ್ಟದ್ದು, ಆದರೂ ಹಾಳಾದವು. ಹೊಂಡ ಬೇರೆಯವರದ್ದಾದರೆ ಮಾಲೀಕರನ್ನು ಕೇಳಿ.

ಉತ್ತರದ ತಂಪು ಕೆರೆಗಳ ಮಾತು ಬೇರೆ. ಅಲ್ಲಿ ಬಾಸ್ ಒಂದಡಿ ಬೆಳೆಯಲು ನಾಲ್ಕೈದು ವರ್ಷ ಬೇಕಾಗಬಹುದು. ದಕ್ಷಿಣದಲ್ಲಿ ಎರಡು ಮೂರು ವರ್ಷ ಸಾಕು. ತಂಪು ನೀರಿನಲ್ಲಿ ಮೀನು ಇಟ್ಟುಕೊಳ್ಳುವಾಗ ಕೈ ಬಿಗಿ ಹಿಡಿಯಿರಿ.

ಹೆಜ್ಜೆ 4: ಮೀನನ್ನು ನೋಡಿ

ತುಂಬ ದೊಡ್ಡ ಲಾರ್ಜ್‌ಮೌತ್ ಸಿಕ್ಕರೆ ಅದು ಬಹುತೇಕ ಹೆಣ್ಣು. ಹತ್ತು ಪೌಂಡ್ ತೂಗುವ ಹೆಣ್ಣು ಫ್ಲಾರಿಡಾದಂಥ ಬೆಚ್ಚಗಿನ ಜಾಗದಲ್ಲೂ ಹತ್ತಿರ ಹತ್ತಿರ ಹತ್ತು ವರ್ಷ ಬದುಕಿದ್ದು. ಅದರ ತವರಿನ ನೀರಿನಲ್ಲಿ ಇಂಥದ್ದು ಸಿಕ್ಕರೆ ನಾನು ಬಿಡಿ ಎಂದೇ ಹೇಳುತ್ತೇನೆ. ಫೋಟೋ, ಉದ್ದ, ಸುತ್ತಳತೆ ತೆಗೆದುಕೊಂಡರೆ ನೆನಪಿಗೆ ಅಷ್ಟು ಸಾಕು. ರುಚಿಯಲ್ಲೂ ಅದು ಮುಂದಿಲ್ಲ. ತಿನ್ನಲು 12ರಿಂದ 15 ಇಂಚಿನದ್ದೇ ಚೆನ್ನ.

ವಸಂತದಲ್ಲಿ ಇನ್ನೊಂದು ವಿಷಯ ಗಮನಿಸಿ. ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಗಂಡು ಬಾಸ್ ದಡದ ಹತ್ತಿರ ಬಾಲದಿಂದ ಗುಂಡಿ ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ. ಕಾವಲು ಕಾಯುವುದು ಗಂಡು. ಊಟ ಬಿಟ್ಟು ಮೊಟ್ಟೆಗಳಿಗೆ ಬಾಲದಿಂದ ನೀರು ಬೀಸುತ್ತ, ಬಂದವರನ್ನು ಓಡಿಸುತ್ತ ಇರುತ್ತದೆ. ಗಾಳದ ಎರೆಗೂ ಹಸಿವಿನಿಂದಲ್ಲ, ಕೋಪದಿಂದ ಬಾಯಿ ಹಾಕುತ್ತದೆ. ಅದನ್ನು ಮೇಲೆತ್ತಿದ ಕೆಲವೇ ನಿಮಿಷದಲ್ಲಿ ಬ್ಲೂಗಿಲ್‌ಗಳು ಮೊಟ್ಟೆಗಳಿಗೆ ಮುತ್ತಬಹುದು. ಹಾಗಾಗಿ ಕಣ್ಣಿಗೆ ಕಾಣುವ ಗೂಡಿನ ಮೇಲೆ ಗಾಳ ಎಸೆಯಬೇಡಿ. ಸಿಕ್ಕಿಬಿದ್ದರೆ ಆ ಕ್ಷಣವೇ, ಅದೇ ಜಾಗದಲ್ಲಿ ಬಿಡಿ.

ಹೆಜ್ಜೆ 5: ಕೊಕ್ಕೆ ಎಲ್ಲಿ ಸಿಕ್ಕಿದೆ?

ತುಟಿಗೆ ಸಿಕ್ಕಿದ್ದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಗಂಟಲಿಗೋ ಕಿವಿರಿಗೋ ಸಿಕ್ಕು ರಕ್ತ ಸುರಿಯುತ್ತಿದ್ದರೆ ಕಷ್ಟ. ಒಮ್ಮೆ ನಾನು ಗಂಟಲಿಗೆ ಇಳಿದ ಕೊಕ್ಕೆಯನ್ನು ಇಕ್ಕಳದಿಂದ ಎಳೆದು ತೆಗೆದೆ. ಬಿಡುವುದೇ ಒಳ್ಳೆಯದು ಎಂದುಕೊಂಡು ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಹೊಟ್ಟೆ ಮೇಲಾಗಿ ತೇಲಿತು. ಇಟ್ಟುಕೊಳ್ಳಬಹುದಾದ ಅಳತೆಯ ಮೀನು. ಯಾರ ಊಟವೂ ಆಗಲಿಲ್ಲ, ಬದುಕಲೂ ಇಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಅಂಥ ಮೀನು ನಿಯಮದೊಳಗೆ ಬಂದರೆ ಅವತ್ತಿನ ಊಟಕ್ಕೆ ಅದನ್ನೇ ಇಟ್ಟುಕೊಳ್ಳಿ. ನಿಯಮ ಒಪ್ಪದಿದ್ದರೆ ಎಳೆಯಬೇಡಿ, ಕೊಕ್ಕೆಯ ಹತ್ತಿರ ದಾರ ಕತ್ತರಿಸಿ ಬಿಡಿ. ಜೀವಂತ ಎರೆ ಬಳಸುವವರು ಗುಂಡನೆಯ ಸರ್ಕಲ್ ಹುಕ್ ಹಾಕಿದರೆ ಗಂಟಲಿಗೆ ಇಳಿಯುವುದು ಕಮ್ಮಿ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಬಿಡಿಸುವುದು ಸಲೀಸು.

ಹೆಜ್ಜೆ 6: ಬಿಡುವುದಾದರೆ

ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಒಣ ಕೈ, ಬಟ್ಟೆ, ಬಿಸಿ ದೋಣಿಯ ನೆಲ ಎಲ್ಲವೂ ಅದನ್ನು ಕಿತ್ತುಹಾಕುತ್ತವೆ. ದೊಡ್ಡ ಮೀನನ್ನು ಕೆಳದವಡೆ ಹಿಡಿದು ನೇತಾಡಿಸಬೇಡಿ. ಒಂದು ಕೈ ದವಡೆಗೆ, ಇನ್ನೊಂದು ಹೊಟ್ಟೆಯ ಕೆಳಗೆ. ನೀರಿನ ಹೊರಗೆ ಅರ್ಧ ನಿಮಿಷದೊಳಗೆ ಮುಗಿಸಿ. ಮೀನನ್ನು ಎತ್ತುವ ಮೊದಲೇ ಕ್ಯಾಮೆರಾ ಸಿದ್ಧವಿರಲಿ.

ಬಿಡುವಾಗ ಎಸೆಯಬೇಡಿ. ನೀರಿನಲ್ಲಿ ನೆಟ್ಟಗೆ ಹಿಡಿದಿರಿ, ತಾನಾಗಿ ಒದ್ದು ಹೋಗುತ್ತದೆ. ಬೇಸಿಗೆಯ ಕಾದ ನೀರಿನಲ್ಲಿ ಆಮ್ಲಜನಕ ಕಮ್ಮಿ, ಮೀನು ಬೇಗ ಸುಸ್ತಾಗುತ್ತದೆ. ಆಗ ಬೆಳಗಿನ ಹೊತ್ತು ಮಾತ್ರ ಗಾಳ ಹಾಕಿ, ದಾರ ಎಳೆದಾಡುತ್ತ ಆಟ ಆಡಿಸಬೇಡಿ. ಮೂವತ್ತು ಅಡಿಗಿಂತ ಆಳದಿಂದ ಎಳೆದ ಮೀನಿನ ಒಳಗಿನ ಗಾಳಿಚೀಲ ಉಬ್ಬಿ, ಅದು ಮತ್ತೆ ಮುಳುಗಲಾರದೆ ತೇಲುತ್ತದೆ. ಎಲ್ಲವನ್ನೂ ಬಿಡುವ ಯೋಚನೆ ಇದ್ದರೆ ಅಷ್ಟು ಆಳಕ್ಕೆ ಹೋಗದಿರುವುದೇ ವಾಸಿ.

ಹೆಜ್ಜೆ 7: ಇಟ್ಟುಕೊಳ್ಳುವುದಾದರೆ

ತಲೆಗೆ ಒಂದು ಗಟ್ಟಿ ಏಟು ಕೊಟ್ಟು ತಕ್ಷಣ ಕೊಲ್ಲಿ. ಕಿವಿರು ಕತ್ತರಿಸಿ ರಕ್ತ ಇಳಿಸಿ, ಐಸ್ ಒಳಗೆ ಹಾಕಿ. ಹಗ್ಗಕ್ಕೆ ಪೋಣಿಸಿ ಬಿಸಿಲಿನಲ್ಲಿ ದಿನವಿಡೀ ಎಳೆದಾಡಿದ ಮೀನಿಗೆ ನರಳಾಟ, ನಮಗೆ ಮೆತ್ತಗಾದ ಮಾಂಸ. ಹೀಗೆ ಪೋಣಿಸಿದ್ದನ್ನು ಸಂಜೆ "ಇನ್ನೂ ದೊಡ್ಡದು ಸಿಕ್ತು" ಎಂದು ಬಿಡುವುದಂತೂ ಬೇಡವೇ ಬೇಡ. ಅದು ಬದುಕುವುದು ಅನುಮಾನ. ಚರ್ಮ ತೆಗೆದು ಎರಡು ಬದಿಯ ಮಾಂಸ ಬಿಡಿಸಿ, ನಡುವಿನ ಕಪ್ಪು ಕೆಂಪು ಗೆರೆ ತೆಗೆಯಿರಿ. ಕೆಸರಿನ ವಾಸನೆ ಬಹಳಷ್ಟು ಕಮ್ಮಿಯಾಗುತ್ತದೆ. ಮಾಂಸದಲ್ಲಿ ಚಿಕ್ಕ ಹಳದಿ ಹುಳು ಕಂಡರೆ ಗಾಬರಿ ಬೇಡ. ಒಳಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿದರೆ ತೊಂದರೆ ಇಲ್ಲ. ಹಸಿಯಾಗಿ ಮಾತ್ರ ತಿನ್ನಬೇಡಿ.

ಹೆಜ್ಜೆ 8: ತಟ್ಟೆಗೆ ಹಾಕುವ ಮುನ್ನ ಪಾದರಸ ನೆನಪಿರಲಿ

ಬಾಸ್ ಬೇರೆ ಮೀನುಗಳನ್ನು ತಿಂದು ಬದುಕುತ್ತದೆ. ಚಿಕ್ಕ ಮೀನುಗಳ ಮೈಯಲ್ಲಿದ್ದ ಪಾದರಸ ಅದರ ಮೈಯಲ್ಲಿ ವರ್ಷ ವರ್ಷ ಸೇರುತ್ತ ಹೋಗುತ್ತದೆ. ದೊಡ್ಡದು, ವಯಸ್ಸಾದದ್ದು ಎಂದರೆ ಪಾದರಸವೂ ಜಾಸ್ತಿ. ಅದು ಮಾಂಸದಲ್ಲೇ ಇರುವುದರಿಂದ ತೊಳೆದರೂ, ಚರ್ಮ ತೆಗೆದರೂ, ಬೇಯಿಸಿದರೂ ಹೋಗುವುದಿಲ್ಲ. ಪಿಸಿಬಿಯಂಥ ಕೆಲವು ರಾಸಾಯನಿಕಗಳು ಕೊಬ್ಬಿನಲ್ಲಿರುತ್ತವೆ. ಅವನ್ನು ಚರ್ಮ, ಕೊಬ್ಬು ತೆಗೆದು ಸ್ವಲ್ಪ ತಗ್ಗಿಸಬಹುದು. ಫ್ಲಾರಿಡಾದ ಎವರ್‌ಗ್ಲೇಡ್ಸ್‌ನ ಹಲವು ಕಡೆ ಬಾಸ್ ತಿನ್ನಲೇಬೇಡಿ ಎಂಬ ಎಚ್ಚರಿಕೆ ಇದೆ.

ಆ ನೀರಿಗೆ ರಾಜ್ಯದ ಆರೋಗ್ಯ ಇಲಾಖೆ ತಿಂಗಳಿಗೆ ಎಷ್ಟು ಊಟ ಎಂದು ಹೇಳಿದೆಯೋ ಅಷ್ಟೇ ತಿನ್ನಿ. ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು, ಚಿಕ್ಕ ಮಕ್ಕಳಿಗೆ ಮಿತಿ ಇನ್ನೂ ಕಮ್ಮಿ ಇರುತ್ತದೆ, ಅದನ್ನು ಬೇರೆಯಾಗಿ ಓದಿ. ಅವತ್ತಿನ ಊಟಕ್ಕೆ ಬೇಕಾದಷ್ಟು ಮೀನು ಐಸ್‌ನಲ್ಲಿ ಕೂತ ಮೇಲೆ, ದಿನದ ಮಿತಿಗೆ ಇನ್ನೂ ಮೂರು ಬಾಕಿ ಇದ್ದರೂ ದಾರ ಸುತ್ತಿಡಿ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಬಿದ್ದು ಕೊನೆಗೆ ಕಸಕ್ಕೆ ಹೋಗುವ ಬಾಸ್ ಕೆರೆಯಲ್ಲೇ ಇರಬಹುದಿತ್ತು.